ಕಡಲೊಡೆಯರ ಊರಿನಿಂದ ಗೋಕರ್ಣದ ಅಲೆಗೆ

ದೇಗಾಂವದಿಂದ ಕಡಲಿಗೆ ನೇರ ಗೆರೆ ಎಳೆದರೆ ಸುಮಾರು ನೂರು ಕಿಲೋಮೀಟರ್. ಆದರೆ ಗೆರೆ ಎಳೆದಷ್ಟು ಸುಲಭವಾಗಿ ಹೋಗಲು ಬಾರದು, ನಡುವೆ ಸಹ್ಯಾದ್ರಿ ಇದೆ. ಕಿತ್ತೂರಿನ ನೈರುತ್ಯಕ್ಕೆ ನಾಲ್ಕೈದು ಕಿಲೋಮೀಟರ್ ದೂರದಲ್ಲಿರುವ ನಮ್ಮೂರಿನಲ್ಲಿ ಕೆರೆ, ಬಾವಿ, ಹಳ್ಳಗಳ ಬಗ್ಗೆ ಎಷ್ಟು ಬೇಕಾದರೂ ಮಾತು ಸಿಗುತ್ತದೆ; ಕಡಲಿನ ಬಗ್ಗೆ ಒಂದು ಗಾದೆಯೂ ಸರಿಯಾಗಿ ಸಿಗುವುದಿಲ್ಲ. ಆದರೆ ಊರಿನ ಹಳೆಯ ಗುಡಿ ಮಾತ್ರ ಕಡಲನ್ನು ಆಳಿದವರ ಮನೆತನಕ್ಕೆ ಸೇರಿದ್ದು. ಈ ಎರಡು ಸಂಗತಿಗಳು ಒಂದೇ ಊರಿನಲ್ಲಿ ಹೇಗೆ ಕೂಡಿ ಬಾಳುತ್ತಿವೆ, ಊರು ತನ್ನ ಕಡಲನ್ನು ಯಾವಾಗ ಮರೆಯಿತು ಎಂಬುದು ಕೆಲವು ವರ್ಷಗಳಿಂದ ನನ್ನ ಸಂಶೋಧನೆಯ ಪಕ್ಕದಲ್ಲೇ ಕುಳಿತಿರುವ ಪ್ರಶ್ನೆ.

ಮೊದಲು ಗುಡಿಯ ಮಾತು. ಕಮಲನಾರಾಯಣ ಗುಡಿ 12ನೆಯ ಶತಮಾನದ್ದು. ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯ ಹೆಸರು ಅದರೊಂದಿಗೆ ಬೆಸೆದುಕೊಂಡಿದೆ. ಇಲ್ಲಿಯ ಶಾಸನದ ಕಾಲ 1174. ಕಟ್ಟಿದ ಶಿಲ್ಪಿ ತಿಪ್ಪೋಜ. ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿಗಳಿವೆ: ಒಂದರಲ್ಲಿ ನಾರಾಯಣ, ಒಂದರಲ್ಲಿ ತೊಡೆಯ ಮೇಲೆ ಲಕ್ಷ್ಮಿಯನ್ನು ಕೂರಿಸಿಕೊಂಡ ಲಕ್ಷ್ಮೀನಾರಾಯಣ, ಇನ್ನೊಂದರಲ್ಲಿ ಕಮಲೆ. ಶಾಸನಗಳನ್ನು 19ನೆಯ ಶತಮಾನದಲ್ಲಿಯೇ ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದ. ಆಮೇಲೆ 1931ರಲ್ಲಿ ಜಾರ್ಜ್ ಮೊರಾಯೆಸ್ ಬರೆದ ‘ಕದಂಬ ಕುಲ’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ದೇಗಾಂವದ ಗುಡಿಗೆ ಒಳ್ಳೆಯ ಜಾಗ ಸಿಕ್ಕಿತು.

ಪೆರ್ಮಾಡಿಯ ತಂದೆ ಇಮ್ಮಡಿ ಜಯಕೇಶಿ. ತಾಯಿ ಮೈಲಳದೇವಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು. ಇವರ ನಾಡು ಎರಡು ತುಂಡಾಗಿತ್ತು. ಘಟ್ಟದ ಮೇಲೆ ಹಲಸಿಗೆ ಹನ್ನೆರಡು ಸಾವಿರ, ಘಟ್ಟದ ಕೆಳಗೆ ಕೊಂಕಣ ಒಂಬೈನೂರು. ಹಲಸಿಗೆ ಎಂದರೆ ಈಗ ಖಾನಾಪುರ ತಾಲೂಕಿನಲ್ಲಿರುವ ಹಲಸಿ. ಕೆಳಗಿನ ರಾಜಧಾನಿ ಗೋಪಕಪಟ್ಟಣ, ಜುವಾರಿ ನದಿಯ ದಂಡೆಯಲ್ಲಿದ್ದ ಬಂದರು, ಇಂದಿನ ಗೋವಾ ವೆಲ್ಹಾ. ದಿನಕ್ಕೆರಡು ಸಲ ಭರತ ಏರಿ ಇಳಿಯುವ ನದಿಯ ಬದಿಯಲ್ಲಿ ಒಂದು ಕಾಲು, ಹಲಸಿ, ದೇಗಾಂವಗಳ ಮಣ್ಣಿನಲ್ಲಿ ಇನ್ನೊಂದು ಕಾಲು. ಮೇಲಿನ ಭತ್ತ, ಬಟ್ಟೆ, ಸೈನಿಕರು ಇಲ್ಲದೆ ಕೆಳಗಿನ ಬಂದರು ನಿಲ್ಲುತ್ತಿರಲಿಲ್ಲ. ಬಂದರಿನ ಸುಂಕವಿಲ್ಲದೆ ಮೇಲಿನ ಗುಡಿ, ಅಗ್ರಹಾರಗಳು ಏಳುತ್ತಿರಲಿಲ್ಲ. ನಮ್ಮೂರಿನ ಕಂಬಗಳ ನುಣುಪಿನಲ್ಲಿ ಹಡಗಿನ ಹಣವೂ ಇದೆ ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ಈ ಮನೆತನದ ಕಡಲ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಮುರಿದ ಕೂವೆಮರದ ಕಥೆ. ಒಂದನೆಯ ಜಯಕೇಶಿಯ ಕಾಲದ, 1059ರ ತಾಮ್ರಪಟದಲ್ಲಿ ಅದು ಬರುತ್ತದೆ. ಅವನ ಪೂರ್ವಜ ಗುಹಲ್ಲದೇವ ಸೋಮನಾಥನ ಯಾತ್ರೆಗೆಂದು ಹಡಗಿನಲ್ಲಿ ಹೊರಟ. ನಡುದಾರಿಯಲ್ಲಿ ಕೂವೆಮರ ಮುರಿಯಿತು. ಹಡಗು ಗೋಪಕದ ಬಂದರು ಸೇರಬೇಕಾಯಿತು. ಅಲ್ಲಿ ನೆರವಿಗೆ ಬಂದವನು ಮದುಮದ ಎಂಬ ಶ್ರೀಮಂತ ವ್ಯಾಪಾರಿ, ಅರಬ ಮೂಲದವನು. ಆ ಉಪಕಾರವನ್ನು ಮನೆತನ ಮರೆಯಲಿಲ್ಲ. ಮದುಮದನ ವಂಶದವನನ್ನೇ ಜಯಕೇಶಿ ಗೋವೆಯ ಆಡಳಿತದಲ್ಲಿ ದೊಡ್ಡ ಸ್ಥಾನದಲ್ಲಿಟ್ಟ. ಅವನು ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳ ಸುಂಕದಲ್ಲಿ ಪಾಲು ಗೊತ್ತುಮಾಡಲಾಯಿತು. ಶಾಸನದಲ್ಲಿ ಮಸೀದಿಗೆ ಬಳಸಿರುವ ಪದ ‘ಮಿಜಿಗಿತಿ’. ಸೋಮನಾಥನ ಭಕ್ತ, ಅರಬ ವ್ಯಾಪಾರಿ, ಮಿಜಿಗಿತಿ ಮೂರೂ ಒಂದೇ ತಾಮ್ರಪಟದಲ್ಲಿ ಸೇರಿಕೊಂಡಿರುವುದು ಕಡಲಿನಿಂದಾಗಿ. ಬಿರುಗಾಳಿಗೆ ಸಿಕ್ಕವನು ದಡದಲ್ಲಿ ಕೈ ಚಾಚಿದವನ ಕುಲ ಕೇಳುವುದಿಲ್ಲ.

ಇನ್ನೊಂದು ಕಥೆ ನಮ್ಮ ಹಾದಿಯ ಪಕ್ಕದಲ್ಲೇ ಇದೆ. ಕಿತ್ತೂರಿನಿಂದ ಧಾರವಾಡಕ್ಕೆ ಹೋಗುವಾಗ ಹೆದ್ದಾರಿಯ ಮಗ್ಗುಲಲ್ಲಿ ನರೇಂದ್ರ ಸಿಗುತ್ತದೆ. ಅಲ್ಲಿಯ ಗುಡಿಯಲ್ಲಿರುವ, 1125ರ ಸುಮಾರಿನ ಕನ್ನಡ ಶಾಸನವನ್ನು ಎಲ್. ಡಿ. ಬಾರ್ನೆಟ್ ಸಂಪಾದಿಸಿದ್ದಾರೆ. ಚಟ್ಟಯ್ಯದೇವನನ್ನು ಆ ಕವಿ ಕಡಲಿನ ಒಡೆಯ ಎನ್ನುತ್ತಾನೆ. ಅವನು ಹಡಗುಗಳನ್ನು ಸಾಲಾಗಿ ನಿಲ್ಲಿಸಿ ಲಂಕೆಯವರೆಗೆ ಸೇತುವೆ ಕಟ್ಟಿದನಂತೆ. ಅವನ ಶೌರ್ಯ ಕೇಳಿದ ಠಾಣೆಯ ಮುಮ್ಮುರಿ ಎದುರು ಬಂದು ಕರೆದೊಯ್ದು, ಮಗಳನ್ನು ಧಾರೆಯೆರೆದು, ಐದು ಲಕ್ಷ ಹೊನ್ನು ಕೊಟ್ಟನಂತೆ. ಸೇತುವೆಯ ಮಾತು ಕವಿಯ ಹಿಗ್ಗು ಎಂದು ಯಾರಿಗೂ ಗೊತ್ತಾಗುತ್ತದೆ. ಆದರೆ ಚರಿತ್ರೆ ಓದುವವರಿಗೆ ಉತ್ಪ್ರೇಕ್ಷೆಯೂ ಆಧಾರವೇ. ಎರೆಮಣ್ಣಿನ ಸೀಮೆಯ ನರೇಂದ್ರದಲ್ಲಿ ಕುಳಿತು ಕೇಳುವವರಿಗೆ ಹಡಗಿನ ಸಾಲು ಎಂದರೆ ಕಣ್ಣ ಮುಂದೆ ಚಿತ್ರ ಮೂಡುತ್ತಿತ್ತು, ಹೆಮ್ಮೆ ಎನಿಸುತ್ತಿತ್ತು ಎಂಬುದಕ್ಕೆ ಆ ಸಾಲುಗಳು ಸಾಕ್ಷಿ. ಒಂಬೈನೂರು ವರ್ಷಗಳ ಹಿಂದೆ ಧಾರವಾಡದ ಸುತ್ತಿನವರಿಗೆ ಕಡಲು ಹೊರಗಿನದಾಗಿರಲಿಲ್ಲ.

ಆಮೇಲೆ ಏನಾಯಿತು? ಕದಂಬರು ಹೋದರು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ನಮ್ಮ ಹಡಗುಗಳು ನಮ್ಮದೇ ಕಡಲಿನಲ್ಲಿ ತಿರುಗಾಡಲು ಅವರಿಂದ ‘ಕಾರ್ತಾಜ್’ ಎಂಬ ರಹದಾರಿ ಪಡೆಯಬೇಕಾಯಿತು. ಆದರೂ ಘಟ್ಟದ ಹಾದಿಗಳು ಮುಚ್ಚಲಿಲ್ಲ. ರಾಜರು ಬಿಟ್ಟ ನಂಟನ್ನು ಎತ್ತುಗಳು ಉಳಿಸಿಕೊಂಡವು. ಲಂಬಾಣಿಗರ ಹೇರೆತ್ತುಗಳು ಮೇಲಿನ ಕಾಳುಕಡಿ ಹೊತ್ತು ಇಳಿದು, ಕೆಳಗಿನ ಉಪ್ಪು ಹೊತ್ತು ಏರುತ್ತಿದ್ದವು. ಲಂಬಾಣಿ ಎಂಬ ಹೆಸರೇ ಲವಣದಿಂದ ಬಂದದ್ದು ಎನ್ನುವವರೂ ಇದ್ದಾರೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ, ಅಘನಾಶಿನಿಯ ಅಳಿವೆಯ ಗಜನಿಗಳಲ್ಲಿ, ಇವತ್ತಿಗೂ ಬಿಸಿಲಿಗೆ ಉಪ್ಪು ಒಣಗುತ್ತದೆ.

ಉಪ್ಪಿನ ನಂತರ ಹತ್ತಿ. ಈ ಭಾಗ ನಮ್ಮ ಪಠ್ಯಗಳಲ್ಲಿ ಯಾಕೋ ಕಾಣುವುದೇ ಇಲ್ಲ. ಧಾರವಾಡ, ಬೆಳಗಾವಿ ಸೀಮೆಯ ದೇಸಿ ಹತ್ತಿಗೆ 19ನೆಯ ಶತಮಾನದ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿದ್ದ ಹೆಸರು ‘ಕೂಮ್ಟಾ’. ಕೂಮ್ಟಾ ಎಂದರೆ ಕುಮಟೆ. ಬೆಳೆದದ್ದು ನಮ್ಮ ಎರೆಹೊಲದಲ್ಲಿ, ಹೆಸರು ಮಾತ್ರ ಹಡಗು ಹತ್ತಿದ ಬಂದರಿನದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ, ಮ್ಯಾಂಚೆಸ್ಟರಿನ ಮಗ್ಗಗಳ ಕಣ್ಣು ಇತ್ತ ಬಿತ್ತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಹಾದಿ ಮತ್ತು ಕಾರವಾರದ ಬಂದರಿನ ಲೆಕ್ಕಾಚಾರವಿತ್ತು. 1880ರ ದಶಕದ ಕೊನೆಗೆ ರೈಲು ಹುಬ್ಬಳ್ಳಿಯ ಕಡೆಯಿಂದ ಲೋಂಡಾ ಹಾಯ್ದು ಮುರಗಾಂವ ಬಂದರು ಮುಟ್ಟಿತು. ಅಲ್ಲಿಗೆ ಘಟ್ಟ ಇಳಿಯುವ ಅರಳೆ ಬಂಡಿಗಳ ಕಾಲ ಮುಗಿಯಿತು, ಕುಮಟೆ ಬಡವಾಯಿತು. ನಾವು ಕಡಲಿಗೆ ಬೆನ್ನು ತಿರುಗಿಸಿದ್ದು ಅಲ್ಲಿಂದ ಎಂದು ನನ್ನ ಅಂದಾಜು. ರೈಲು ಸರಕನ್ನು ಕಡಲಿಗೆ ಒಯ್ಯುತ್ತಿತ್ತು. ಸರಕಿನ ಹಿಂದೆ ಹೋಗಿ ಕಡಲು ಕಂಡು ಬರುತ್ತಿದ್ದ ಬಂಡಿಯವನು ಊರಲ್ಲೇ ಉಳಿದ.

ಇದನ್ನೆಲ್ಲ ಓದುತ್ತಿರುವ ನನ್ನ ಮನೆಯಲ್ಲಿ, ಹೋದ ಡಿಸೆಂಬರ್‌ವರೆಗೆ, ನನ್ನನ್ನು ಬಿಟ್ಟು ಯಾರೂ ಸಮುದ್ರ ನೋಡಿರಲಿಲ್ಲ. ಅಪ್ಪ ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಮಾರಿ ಬಂದ ವಾರ ಗೋಕರ್ಣಕ್ಕೆ ಹೋಗೋಣ ಎಂದರು. ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಮಹಾಬಲೇಶ್ವರನ ಹರಕೆ ಇತ್ತು. ತಂಗಿಗೆ ಬೇರೆ ಹರಕೆ. ಗೋಕರ್ಣದ ದಂಡೆಯಲ್ಲಿ ಹಲಗೆ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಕಲಿಸುತ್ತಾರೆಂದು ಅವಳು ಮೊಬೈಲಿನಲ್ಲಿ ನೋಡಿದ್ದಳು. ಧಾರವಾಡ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆಯ ಮೇಲೆ ಹೋದೆವು. ನರೇಂದ್ರ ಬಂದಾಗ ನಾನು ಹಡಗಿನ ಸೇತುವೆಯ ಕಥೆ ತೆಗೆದೆ. ಅಪ್ಪ ಕೇಳಿದರು, “ಐದ್ ಲಕ್ಷ ಹೊನ್ನ ಕೊಟ್ರಂತ? ವರದಕ್ಷಿಣಿ ಆವಾಗಿಂದ ಐತೇನು ಹಂಗಾರ?”

ಗೋಕರ್ಣದ ಕ್ರಮ ಹಳೆಯದು. ಮೊದಲು ಸಮುದ್ರಸ್ನಾನ, ಆಮೇಲೆ ಕೋಟಿತೀರ್ಥ, ಆಮೇಲೆ ದೇವರ ದರ್ಶನ. ಕಾಳಿದಾಸನ ‘ರಘುವಂಶ’ದಲ್ಲಿಯೇ ತೆಂಕಣ ಕಡಲ ತಡಿಯ ಗೋಕರ್ಣಕ್ಕೆ ನಾರದ ಹೊರಟಿರುತ್ತಾನೆ, 1801ರಲ್ಲಿ ಫ್ರಾನ್ಸಿಸ್ ಬುಕನನ್ ಇಲ್ಲಿಗೆ ಬಂದು ಹೋಗಿದ್ದಾನೆ. ಆಯಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗಿಳಿದು, ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಹಚ್ಚಿ ನೋಡಿದರು. “ಏ, ಖರೇನ ಉಪ್ಪ ಐತೆ. ನಮ್ಮ ಮುತ್ಯಾ ಘಟ್ಟದ ಕೆಳಗಿಂದ ಉಪ್ಪ ಬರತಿತ್ತ ಅಂತಿದ್ದ. ಇದ ನೀರ ಏನ ಅದು?” ನಾನು ಕೈ ತೋರಿಸಿದೆ, ಸಾಣಿಕಟ್ಟೆ ಆ ಗುಡ್ಡದಾಚೆಗೆ ಎಂದು. ಮೂರು ವರ್ಷ ಓದಿ ನಾನು ಕಟ್ಟಿದ ಉಪ್ಪಿನ ಅಧ್ಯಾಯಕ್ಕೆ ಆಯಿಯ ಬಾಯಿಂದ ಒಂದು ಸಾಲು ಸಿಕ್ಕಿತ್ತು. ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ಏಕೆಂದರೆ ಅದನ್ನು ನೆನಪಿಸುವ ನೀರು ಎದುರಿಗೆ ಇರಲಿಲ್ಲ.

ಜಗಳ ಶುರುವಾದದ್ದು ದರ್ಶನವಾದ ಮೇಲೆ. ಅವ್ವ ಖಡಾಖಂಡಿತ ಬೇಡ ಎಂದಳು. ಅವಳದು ಎರಡು ಅಂಜಿಕೆ. ಒಂದು ನೀರಿನದು, ಗೋಕರ್ಣದಲ್ಲಿ ಮುಳುಗಿದವರ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ, ಅದರಲ್ಲಿ ಒಳನಾಡಿನಿಂದ ಬಂದ ಹುಡುಗರೇ ಹೆಚ್ಚು. ಇನ್ನೊಂದು ನೋಡುವವರದು. “ನಾಳೆ ಯಾರರ ಫೋಟೋ ತಗದ ಹಾಕಿದ್ರ, ಹುಡುಗಿ ನೋಡಾಕ ಬರಾವ್ರ ಮುಂದ ಏನ ಹೇಳೂದು?” ತಂಗಿಗೆ ಹತ್ತೊಂಬತ್ತು. ಅವಳು ಅಳಲಿಲ್ಲ, ಸುಮ್ಮನೆ ಮರಳಿನ ಮೇಲೆ ಕುಳಿತಳು. ಕೊನೆಗೆ ತೀರ್ಪು ಕೊಟ್ಟವರು ಆಯಿ. “ಈಜ ಬರತೈತಿಲ್ಲ ಅಕಿಗೆ? ಬಾವಿ ಒಳಗ ಜಿಗಿಯೂ ಮುಂದ ಯಾರ ಕೇಳಿದ್ರ ನಿನ್ನ? ಹೋಗಲಿ ಬಿಡು.”

ಕಲಿಸಿದವನು ಅಲ್ಲಿಯದೇ ಮೀನುಗಾರ ಮನೆತನದ ಯುವಕ. ಮೊದಲು ಮರಳಿನ ಮೇಲೆ ಅರ್ಧ ತಾಸು ಪಾಠ: ಹಲಗೆಯ ಮೇಲೆ ಬೋರಲು ಮಲಗುವುದು, ಕೈಯಿಂದ ನೀರು ತಳ್ಳುವುದು, ಅಲೆ ಎತ್ತಿದ ಕೂಡಲೇ ಎದ್ದು ನಿಲ್ಲುವುದು. ಆಮೇಲೆ ಕಡಲಿನ ಓದು. ಅಲೆ ಒಡೆಯದೆ ಸಪಾಟಾಗಿ ಕಾಣುವ ಜಾಗ ಶಾಂತ ಎಂದುಕೊಳ್ಳಬಾರದು; ದಡಕ್ಕೆ ಬಂದ ನೀರು ಅಲ್ಲಿಂದಲೇ ವಾಪಸು ಹೋಗುತ್ತಿರುತ್ತದೆ. “ಎಳೀತು ಅಂದ್ರೆ ಎದುರು ಈಜ್ಬೇಡಿ. ದಂಡೆ ಗುಂಟ ಅಡ್ಡ ಹೋಗಿ, ಎಳೆತ ಬಿಡ್ತದೆ” ಎಂದ. ಒಳನಾಡಿನವರು ಮುಳುಗುವುದು ಧೈರ್ಯ ಕಡಿಮೆಯಾಗಿ ಅಲ್ಲ, ಈ ಓದು ಇಲ್ಲದೆ. ಕೆರೆಯ ನೀರು ನಿಂತಿರುತ್ತದೆ, ಹೊಳೆಯ ನೀರು ಒಂದೇ ಕಡೆ ಹೋಗುತ್ತದೆ. ಕಡಲು ಎರಡೂ ಮಾಡುವುದಿಲ್ಲ. ಎಷ್ಟೋ ತಲೆಮಾರುಗಳ ಹಿಂದೆ ನಮ್ಮವರು ಬಿಟ್ಟುಬಂದದ್ದು ಹಡಗಿನ ಹೆಮ್ಮೆಯನ್ನಷ್ಟೇ ಅಲ್ಲ, ಜೀವ ಉಳಿಸುವ ಇಂಥ ಸಣ್ಣ ತಿಳಿವಳಿಕೆಯನ್ನು ಕೂಡ.

ತಂಗಿ ಏಳು ಸಲ ಬಿದ್ದಳು. ಎಂಟನೆಯ ಸಲ ಎರಡು ಕ್ಷಣ ನಿಂತಳು. ಅವ್ವ ಅಷ್ಟು ಹೊತ್ತೂ ಸೆರಗಿನ ತುದಿ ಹಿಡಿದುಕೊಂಡು ದಡದಲ್ಲೇ ನಿಂತಿದ್ದಳು.

ಈ ಆಟದ ಚರಿತ್ರೆ ನಮಗೂ ಪಾಠ ಹೇಳುವಂಥದ್ದು. ಸರ್ಫಿಂಗಿನ ತವರು ಪೆಸಿಫಿಕ್ ಸಾಗರದ ದ್ವೀಪಗಳು, ಅದರಲ್ಲೂ ಹವಾಯಿ. ಅಲ್ಲಿಯವರು ಅದನ್ನು ‘ಹೆಎ ನಲು’ ಎನ್ನುತ್ತಿದ್ದರು. ಕ್ಯಾಪ್ಟನ್ ಕುಕ್‌ನ ಕೊನೆಯ ಯಾನದಲ್ಲಿದ್ದ ಜೇಮ್ಸ್ ಕಿಂಗ್ 1779ರಲ್ಲಿ ಅದನ್ನು ಕಂಡು ಬೆರಗಿನಿಂದ ಬರೆದಿಟ್ಟ. ಅಲ್ಲಿ ಅರಸು, ಆಳು, ಗಂಡು, ಹೆಣ್ಣು ಎಲ್ಲರೂ ಅಲೆ ಏರುತ್ತಿದ್ದರು. ಹೆಂಗಸರು ಇದರಲ್ಲಿ ಹೆಸರು ಮಾಡಿದ್ದರು. 1820ರಲ್ಲಿ ಬಂದ ಮಿಶನರಿಗಳಿಗೆ ಇದು ಸರಿಕಾಣಲಿಲ್ಲ, ಗಂಡು ಹೆಣ್ಣು ಅರೆಬತ್ತಲೆಯಾಗಿ ಒಟ್ಟಿಗೆ ನೀರಲ್ಲಿ ಆಡುವುದೆಂದರೇನು ಎಂದು. ಅದಕ್ಕಿಂತ ದೊಡ್ಡ ಪೆಟ್ಟು ಹೊರಗಿನವರು ತಂದ ರೋಗಗಳದು, ಜನವೇ ಕರಗಿಹೋದರು. 1893ರಲ್ಲಿ ರಾಣಿಯನ್ನು ಇಳಿಸಲಾಯಿತು, 1898ರಲ್ಲಿ ದ್ವೀಪ ಅಮೆರಿಕದ ಪಾಲಾಯಿತು. 1901ರಲ್ಲಿ ವೈಕಿಕಿ ದಂಡೆಯ ಮೇಲೆ ಮೋಆನಾ ಎಂಬ ದೊಡ್ಡ ಹೋಟೆಲು ತೆರೆಯಿತು. ನಾಡು ಕಳೆದುಕೊಂಡ ಹವಾಯಿಯ ಹುಡುಗರು ಪ್ರವಾಸಿಗರಿಗೆ ಅಲೆ ಏರುವುದನ್ನು ಕಲಿಸಿ ಹೊಟ್ಟೆ ಹೊರೆದರು. ಅದೇ ದಂಡೆಯಲ್ಲಿ ಬೆಳೆದ ಡ್ಯೂಕ್ ಕಹಾನಮೋಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಈಜಿನ ಚಿನ್ನ ಗೆದ್ದು, ಆಸ್ಟ್ರೇಲಿಯದವರೆಗೆ ಹೋಗಿ ಸರ್ಫಿಂಗ್ ತೋರಿಸಿದ. ಒಲಿಂಪಿಕ್ಸಿಗೆ ಈ ಆಟ ಸೇರಿದ್ದು ಟೋಕಿಯೊದಲ್ಲಿ, 2021ರಲ್ಲಿ.

ನಮ್ಮ ಕರಾವಳಿಗೆ ಅದು ಬಂದ ದಾರಿಯೂ ಸ್ವಾರಸ್ಯಕರ. 2004ರಲ್ಲಿ ಮೂಲ್ಕಿಯಲ್ಲಿ ‘ಮಂತ್ರ ಸರ್ಫ್ ಕ್ಲಬ್’ ಹುಟ್ಟಿತು. ಹುಟ್ಟುಹಾಕಿದವರು ಅಮೆರಿಕದಲ್ಲಿ ಹುಟ್ಟಿ ಸನ್ಯಾಸಿಯಾಗಿದ್ದ ಸ್ವಾಮಿ ನರಸಿಂಗ. ಜನ ಅವರನ್ನು ‘ಸರ್ಫಿಂಗ್ ಸ್ವಾಮಿ’ ಎಂದೇ ಕರೆಯುತ್ತಿದ್ದರು. 2016ರಲ್ಲಿ ಅದೇ ಮೂಲ್ಕಿಯ ಬಳಿಯ ಸಸಿಹಿತ್ಲುವಿನಲ್ಲಿ, ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ದಂಡೆಯಲ್ಲಿ, ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು.

ವೈಕಿಕಿಯ ಹುಡುಗರನ್ನೂ ಗೋಕರ್ಣದ ಯುವಕನನ್ನೂ ಒಟ್ಟಿಗೆ ಇಟ್ಟು ನೋಡದೆ ಇರಲು ನನಗೆ ಆಗುವುದಿಲ್ಲ. ಅವನ ಅಪ್ಪ ಇನ್ನೂ ದೋಣಿ ಬಿಡುತ್ತಾರಂತೆ. ಬಲೆ ಇಲ್ಲದೆ ಕಡಲಿಗೆ ಯಾಕೆ ಹೋಗುತ್ತೀ ಎಂದು ಶುರುವಿನಲ್ಲಿ ಬೈಯುತ್ತಿದ್ದರಂತೆ. ಈಗ ಮೀನು ಕಡಿಮೆ, ಪಾಠದ ಹಣ ಮನೆಗೆ ಬರುತ್ತದೆ, ಬೈಗುಳ ನಿಂತಿದೆ. ಈ ದಂಡೆಯ ಮೇಲಿನ ಬದುಕು ಹೀಗೆ ಹೊಸ ದಾರಿ ಹುಡುಕಿಕೊಳ್ಳುವುದು ತಪ್ಪಲ್ಲ. ಆದರೆ ದಂಡೆಯೇ ಕೈಬಿಟ್ಟರೆ? ಕಾರವಾರ, ಅಂಕೋಲೆಗಳ ನಡುವಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಸೀಬರ್ಡ್ ನೌಕಾನೆಲೆಗಾಗಿ ಮನೆ ಬಿಟ್ಟವು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ಆ ನೆಲೆಯ ಹೆಸರು ‘ಐಎನ್‌ಎಸ್ ಕದಂಬ’. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಶಾಸನಗಳಲ್ಲಿ ಹಡಗಿನ ಒಡೆಯರ ಹೆಸರಿದೆ, ವ್ಯಾಪಾರಿಯ ಹೆಸರಿದೆ, ಸುಂಕದ ಲೆಕ್ಕವಿದೆ. ಹುಟ್ಟು ಹಾಕಿದವನ ಹೆಸರು ಯಾವುದರಲ್ಲೂ ಇಲ್ಲ. ಅವನ ಮೊಮ್ಮಕ್ಕಳ ವಿಷಯದಲ್ಲಿ ನಮ್ಮ ಕಾಲದ ಕಡತಗಳೂ ಹಾಗೇ ಇರಬಾರದು.

ಕದಂಬ ಎಂಬ ಹೆಸರು ಈಗ ನೌಕಾನೆಲೆಯ ಮೇಲಿದೆ, ಗೋವಾ ಸರ್ಕಾರದ ಬಸ್ಸುಗಳ ಮೇಲಿದೆ. ಆ ಮನೆತನ ಗುಡಿ ಬಿಟ್ಟುಹೋದ ಊರಿನಲ್ಲಿ ಮಾತ್ರ ಅದರ ಬಳಕೆ ಕಡಿಮೆ. ಕಿತ್ತೂರು ಎಂದರೆ 1824, ಚೆನ್ನಮ್ಮ. ಆ ಹೆಮ್ಮೆ ನನಗೂ ಇದೆ, ಅವಳ ಹೆಸರು ಕೇಳಿದರೆ ನನ್ನ ಬೆನ್ನೂ ನೆಟ್ಟಗಾಗುತ್ತದೆ. ಆದರೆ ಒಂದು ಸೀಮೆಗೆ ಒಂದೇ ಚರಿತ್ರೆ ಸಾಕು ಎಂದುಕೊಂಡರೆ ಉಳಿದದ್ದು ಮಣ್ಣಾಗುತ್ತದೆ. ಕೋಟೆಯ ಚರಿತ್ರೆ ನಮಗೆ ಎದುರಿಸಿ ನಿಲ್ಲುವುದನ್ನು ಕಲಿಸಿದೆ. ಬಂದರಿನ ಚರಿತ್ರೆ ಕಲಿಸುವುದು ಬೇರೆ: ಮುರಿದ ಕೂವೆಮರದವನಿಗೆ ಇಳಿಯಲು ಜಾಗ ಕೊಡುವುದು, ಬೇರೆ ದೇವರ ಮನೆಗೂ ಸುಂಕದಲ್ಲಿ ಪಾಲಿಡುವುದು, ಉಪ್ಪು ಕೊಟ್ಟು ಕಾಳು ಕೊಳ್ಳುವುದು. ಇವತ್ತಿನ ದಿನದಲ್ಲಿ ಈ ಎರಡನೆಯದು ನಮಗೆ ಕಡಿಮೆ ಬೇಕಾದದ್ದೇನಲ್ಲ.

ವಿದ್ಯಾರ್ಥಿ ಗೆಳೆಯರಿಗೆ ಒಂದು ಮಾತು. ನಿಮ್ಮೂರು ಎಷ್ಟೇ ಒಳನಾಡಿನದಾಗಿರಲಿ, ಅಲ್ಲಿಂದ ಕಡಲಿಗೆ ಹೋಗುತ್ತಿದ್ದ ಒಂದು ಹಾದಿ ಇದ್ದೇ ಇರುತ್ತದೆ. ಅಲ್ಲಿಯ ಉಪ್ಪು ಎಲ್ಲಿಂದ ಬರುತ್ತಿತ್ತು, ಬೆಳೆ ಯಾವ ಹೆಸರಿನಲ್ಲಿ ಹಡಗು ಹತ್ತುತ್ತಿತ್ತು, ಯಾವ ಘಟ್ಟದಲ್ಲಿ ಎತ್ತುಗಳು ನೀರು ಕುಡಿಯುತ್ತಿದ್ದವು ಎಂದು ಹಿರಿಯರನ್ನು ಕೇಳಿ. ಸಾಧ್ಯವಾದರೆ ಅವರನ್ನು ಒಮ್ಮೆ ಆ ಹಾದಿಯ ತುದಿಯವರೆಗೆ ಕರೆದುಕೊಂಡು ಹೋಗಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗ ಫ್ಲೀಟ್, ಬಾರ್ನೆಟ್, ಮೊರಾಯೆಸ್ ಹೆಸರುಗಳ ಕೆಳಗೆ ಆಯಿಯ ಮುತ್ಯಾನ ಉಪ್ಪಿನ ಮಾತೂ ಇದೆ. ಅದರ ಎದುರಿಗೆ ತಾರೀಖು, ಸ್ಥಳ ಎರಡನ್ನೂ ಬರೆದಿಟ್ಟಿದ್ದೇನೆ.